ಕುರುಡು ಚಿತ್ತೆ ಮತ್ತು ನನ್ನ ಹಗ್ಗ

ಮಳೆಗೆ ಮುಂಚೆಯೇ ತಯಾರಾಗಿ ಹೊರಡುವ ಜಾಣರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಯಾಕೆಂದರೆ ಒಂದು ಕಾಲದಲ್ಲಿ ಅಂಥ ಜಾಣ ನಾನೇ ಆಗಿದ್ದೆ.

ಊರಿಗೆ ಮೊಬೈಲು ಆಗತಾನೆ ಬಂದಿದ್ದ ದಿನಗಳು. ನಮ್ಮದು ಹರವೆ ಕಡೆಯ ಮನೆ. ಕೊರಳಲ್ಲಿ ಲಿಂಗ, ಅಡುಗೆಮನೆಗೆ ಮೊಟ್ಟೆಯೂ ಬರುವಂತಿಲ್ಲ. ನನಗೋ ಮೀನಿನ ಚಪಲ. ಚಾಮರಾಜನಗರದಲ್ಲಿ ಟೈಲರ್ ಆಗಿದ್ದ ನನ್ನ ಗೆಳೆಯ, ಸಾಬರವನು, ಗಾಳ ಹಾಕುವುದರಲ್ಲಿ ಪಳಗಿದವನು. ಅವನ ಅಂಗಡಿಗೆ ರಜೆ ಇದ್ದ ದಿನ ಮೊಪೆಡ್ಡಿನ ಹಿಂದೆ ಕೂತು, ಪುಣಜನೂರಿನ ರಸ್ತೆ ಹಿಡಿದು, ಯಾರಿಗೂ ಹೇಳದೆ ಸುವರ್ಣಾವತಿ ಹೊಳೆಗೆ ಹೋಗುತ್ತಿದ್ದೆ.

ಅಂದು ಚಿತ್ತೆ ಮಳೆಯ ಕಾಲ. ನಮ್ಮ ಕಡೆ ಅದನ್ನು ಕುರುಡು ಚಿತ್ತೆ ಅನ್ನುತ್ತಾರೆ. ಎಲ್ಲಿ ಸುರಿಯಬೇಕೆಂದು ಅದಕ್ಕೇ ಗೊತ್ತಿರುವುದಿಲ್ಲ. ಕೊಡೆ, ತಲೆಗೆ ಹಾಕಿಕೊಳ್ಳಲು ಗೊಬ್ಬರದ ಚೀಲದ ಗೊಪ್ಪೆ, ಮೊಬೈಲಿಗೆ ಪ್ಲಾಸ್ಟಿಕ್ ಕವರು, ಉದ್ದನೆಯ ಹಗ್ಗ, ಎಲ್ಲ ತುಂಬಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಮಳೆಗಿಂತ ವಾಸನೆಗೇ ನನ್ನ ತಯಾರಿ ಹೆಚ್ಚು: ಬೇರೆ ಅಂಗಿ, ಸೋಪು, ಜೊತೆಗೊಂದು ವಿಭೂತಿ ಗಟ್ಟಿ.

“ಮೀನಿಗ್ ಓಯ್ತಾ ಇದೀವಾ, ಮದ್ವೆಗಾ ಅಣ್ಣಾ?” ಎಂದು ಅವನು ನಕ್ಕ.

ಹೊಳೆಯ ನಡುವಿನ ಬಂಡೆ ಹತ್ತಿ ಕೂತವನು ಬೆಟ್ಟದ ಕಡೆ ನೋಡಿದ. “ಅಲ್ಲಿ ಕಪ್ಪಾಯ್ತಾ ಐತೆ. ಹೊಸನೀರು ಬಂದ್ರೆ ಹಗ್ಗ ಎಸೀರಿ, ಅಷ್ಟೇ ಸಾಕು.” ನಾನು ದಡದಲ್ಲಿ ನಿಂತು ತಲೆಯಾಡಿಸಿದೆ. ನಮ್ಮ ತಲೆಯ ಮೇಲೆ ಸುಡುಬಿಸಿಲು.

ಸ್ವಲ್ಪ ಹೊತ್ತಿಗೆ ದಡದ ಮೇಲೆ ಎತ್ತು ತೊಳೆಯಲು ಬರುತ್ತಿದ್ದ ಮನುಷ್ಯ ಕಂಡ. ನನ್ನ ಸೋದರಮಾವ. ಹೊಳೆಯ ಪಕ್ಕದ ಊರಿನವರು. ನಾನು ಚೀಲದ ಸಮೇತ ಹೊಂಗೆ ಮರದ ಹಿಂದೆ ಸೇರಿಕೊಂಡೆ.

ಅದೇ ಹೊತ್ತಿಗೆ ನೀರು ಕೆಂಪಾಯಿತು. ಹನಿ ಮಳೆಯಿಲ್ಲದೆ ಹೊಳೆ ಏರಿತು. ಬಂಡೆ ಮುಳುಗಿ ನೀರು ಅವನ ಮೊಣಕಾಲು ಮುಟ್ಟಿತು.

“ಅಣ್ಣಾ, ಹಗ್ಗ! ಹಗ್ಗ ಎಸೀರಿ!”

ಹಗ್ಗ ನನ್ನ ಕೈಯಲ್ಲೇ ಇತ್ತು. ಈಚೆ ಬಂದರೆ ಮಾವ ನೋಡುತ್ತಾರೆ, ಸಂಜೆಯೊಳಗೆ ಅವ್ವನಿಗೆ ಸುದ್ದಿ ಮುಟ್ಟುತ್ತದೆ. ಒಬ್ಬ ಮನುಷ್ಯ ಸಾಯುವುದರಲ್ಲಿದ್ದಾಗ ನಾನು ಲೆಕ್ಕ ಹಾಕುತ್ತಿದ್ದದ್ದು ಇದನ್ನು. ಈಗ ಬರೆಯುವಾಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ. ಅವನು ನಾಲ್ಕು ಸಲ ಕೂಗಿದ. ನಾನು ಮರ ಬಿಟ್ಟು ಕದಲಲಿಲ್ಲ.

ಮಾವ ಎರಡೂ ಎತ್ತುಗಳ ಹಗ್ಗ ಬಿಚ್ಚಿ, ಗಂಟು ಹಾಕಿ ಎಸೆದು, ಅವನನ್ನು ದಡಕ್ಕೆ ಎಳೆದುಕೊಂಡರು.

“ಅಣ್ಣಾ ಅಂತ ಯಾರ್ನ ಕೂಗ್ತಿದ್ರಿ ಸಾಬ್ರೇ? ಜೊತೇಲಿ ಯಾರಾರ ಬಂದವ್ರಾ?”

ಅವನು ಗಡಗಡ ನಡುಗುತ್ತಿದ್ದ. ಹೊಂಗೆ ಮರದ ಕಡೆ ತಿರುಗಿಯೂ ನೋಡಲಿಲ್ಲ.

“ಇಲ್ಲ ಸಾಮಿ. ನಾ ಒಬ್ನೇ ಬಂದಿದ್ದು.”

ಮಾವ ಎತ್ತು ಹೊಡೆದುಕೊಂಡು ಹೋದ ಮೇಲೆ ನಾನು ಈಚೆ ಬಂದು, ಚೀಲದಿಂದ ಒಣ ಅಂಗಿ ತೆಗೆದು ಅವನಿಗೆ ಚಾಚಿದೆ.

“ಬ್ಯಾಡ ಬುಡಿ ಅಣ್ಣಾ,” ಅಂದ. “ಮೀನಿನ್ ವಾಸ್ನೆ ಅಂಟ್ಕತದೆ. ನಿಮ್ಗೇ ಬೇಕಾಯ್ತದೆ.”