ಸಿನ್ನೆವಾ ಹಾಕಿದ ಹೆಪ್ಪು

ನಮ್ಮ ವೊಸ್ ಕಣಿವೆಯಲ್ಲಿ ಶಾಲೆಯ ಬಸ್ಸು ಓಡಿಸುವ ಸಿನ್ನೆವಾಳಿಗೆ ಐವತ್ತೆರಡು ವರ್ಷ. ಹಿಮ ಬಿದ್ದ ತಿರುವುಗಳಲ್ಲೂ ಕೈ ನಡುಗದ ಈ ಹೆಂಗಸು ಅಪ್ಪನ ಬಿಯರ್ ಹಂಡೆಯ ಹತ್ತಿರ ಮಾತ್ರ ಎಂದೂ ಹೋದವಳಲ್ಲ. ನಾವು ಬಿಟ್ಟಿದ್ದರೆ ತಾನೇ ಹೋಗುವುದು? ಹಂಡೆಯ ಒಂದು ಕಡೆ ಅವಳಪ್ಪ ಹಾಲ್‌ಸ್ಟೈನ್, ಇನ್ನೊಂದು ಕಡೆ ನೆರೆಮನೆಯ ಐನಾರ್, ಅಂದರೆ ನಾನು. ಅವಳು ತನ್ನ ಪಾಡಿಗೆ ಅಂಗಡಿಯ ಡಬ್ಬಿಯ ಪಾಕಕ್ಕೆ ನೀರು ಬೆರೆಸಿ, ಪೊಟ್ಟಣದ ಯೀಸ್ಟ್ ಉದುರಿಸಿ, ಬಿಯರ್ ಅಂತ ಏನೋ ಒಂದು ಮಾಡುತ್ತಿದ್ದಳು. ನಾವಿಬ್ಬರೂ ಅದನ್ನು ಕುಡಿದು ಮುಖ ಕಿವುಚುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕಳೆದ ಚಳಿಗಾಲ ಹಾಲ್‌ಸ್ಟೈನ್ ತೀರಿಕೊಂಡ. ಮೇ ತಿಂಗಳಿಗೆ ಸಿನ್ನೆವಾಳ ಮೊಮ್ಮಗಳ ನಾಮಕರಣ. ನಾಮಕರಣಕ್ಕೆ ಮನೆಯಲ್ಲೇ ಬಾರ್ಲಿಯಿಂದ ಇಳಿಸಿದ ಬಿಯರ್ ಆಗಬೇಕು, ಅದೂ ಅಂಗಡಿಯ ಯೀಸ್ಟ್ ಅಲ್ಲ, ಮನೆಯದೇ ಹೆಪ್ಪು ಹಾಕಿ ಹುದುಗಿಸಿದ್ದು. ಅವರ ಹೆಪ್ಪು ಹಾಲ್‌ಸ್ಟೈನನ ಅಜ್ಜನ ಕಾಲದಿಂದ ಒಂದು ಬಾನಿಯಿಂದ ಇನ್ನೊಂದು ಬಾನಿಗೆ ಬಂದದ್ದು. ಒಣಗಿಸಿಟ್ಟ ಚೂರುಗಳು ಜಾಡಿಯ ತಳದಲ್ಲಿ ಒಂದು ಮುಷ್ಟಿ ಉಳಿದಿದ್ದವು.

"ಎಲ್ಲಾ ಹಾಕಿಬಿಡ್ತೀನಿ. ಕೆಟ್ರೆ ನಿನ್ನ ಹತ್ರ ಇದೆಯಲ್ಲ," ಎಂದಳು.

ಒಬ್ಬರ ಹೆಪ್ಪನ್ನು ನೆರೆಯವರೂ ಇಟ್ಟುಕೊಳ್ಳುವುದು ನಮ್ಮಲ್ಲಿ ರೂಢಿ. ಒಂದು ಮನೆಯಲ್ಲಿ ಹೆಪ್ಪು ಸತ್ತರೆ ಇನ್ನೊಂದು ಮನೆಯಿಂದ ಕೇಳಿ ತರಬಹುದು. ಹಾಲ್‌ಸ್ಟೈನ್ ನನಗೂ ಕೊಟ್ಟಿದ್ದ. ನನ್ನ ಸೋಮಾರಿತನದಿಂದ ಆರು ವರ್ಷದ ಹಿಂದೆ ಅದಕ್ಕೆ ಬೂಷ್ಟು ಹಿಡಿಯಿತು. ತೆಪ್ಪಗೆ ಎಸೆದು ಅಂಗಡಿಯ ಯೀಸ್ಟ್ ತಂದುಕೊಂಡೆ. ಅವನಿಗೆ ಹೇಳಲಿಲ್ಲ. ಅವಳಿಗೂ ಹೇಳದೆ "ಹೂಂ" ಎಂದೆ.

ಶನಿವಾರ ಬಿಯರ್ ಕಾಯಿಸುವಾಗ ಅವಳು ನನ್ನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. "ನೀನು ಬಾಯಿ ಹಾಕಿದ್ರೆ ಅದು ನಿನ್ನ ಬಿಯರ್ ಆಗುತ್ತೆ. ಬೇಲಿಯಾಚೆ ಇರು."

ಆಚೆಯಿಂದಲೇ ನೋಡಿದೆ. ಘಮ್ಮೆನ್ನುವ ಜೂನಿಪರ್ ಪೊದೆಯ ಕೊಂಬೆಗಳನ್ನು ಕಡಿದು ತಂದಳು, ಕುದಿಸಿದಳು, ಆ ನೀರಿನಿಂದ ಮರದ ಬಾನಿ ತೊಳೆದಳು. ತಳಕ್ಕೆ ಕೊಂಬೆ ಹಾಸಿ, ಮೊಳಕೆ ಬರಿಸಿ ಒಣಗಿಸಿ ಒಡೆದ ಬಾರ್ಲಿ ಸುರಿದು ಬಿಸಿನೀರು ಹೊಯ್ದಳು. ಸಿಹಿ ರಸ ಬಸಿದು, ಹಂಡೆಯಲ್ಲಿ ಕೆಂಪಗಾಗುವವರೆಗೆ ಕಾಯಿಸಿದಳು. ತಪ್ಪು ಹುಡುಕಲೆಂದೇ ನಿಂತ ನನಗೆ ಒಂದೂ ಸಿಗಲಿಲ್ಲ. ಸಂಜೆ ಕಿವಿಗೊಟ್ಟು ಕೂತೆ. ಹೆಪ್ಪು ಹಾಕುವಾಗ ಗಂಟಲು ಹರಿಯುವಂತೆ ಕೂಗಬೇಕು, ಇಲ್ಲದಿದ್ದರೆ ಬಿಯರಿಗೆ ಕಸುವಿರುವುದಿಲ್ಲ ಎಂಬುದು ನಮ್ಮವರ ನಂಬಿಕೆ. ಕೂಗು ಕೇಳಲಿಲ್ಲ.

ಭಾನುವಾರ ಬೆಳಗ್ಗೆ ತಲೆ ಕೂಡ ಬಾಚದೆ ಓಡಿಬಂದಳು. "ಸತ್ತುಹೋಯ್ತು ಐನಾರ್. ಒಂದು ಚೂರೂ ನೊರೆ ಇಲ್ಲ. ನಿನ್ನದು ಕೊಡು."

"ಮೊದಲು ನೋಡೋಣ ನಡಿ," ಎಂದೆ.

ಬಾನಿ ಮುಟ್ಟಿದರೆ ಬಾವಿಯ ನೀರಿನ ಹಾಗೆ ತಣ್ಣಗಿತ್ತು.

"ಎಷ್ಟು ಬಿಸಿ ಇದ್ದಾಗ ಹಾಕ್ದೆ?"

"ಇಪ್ಪತ್ತು ಡಿಗ್ರಿ. ಸರಿಯಾಗಿ ಅಳೆದು ಹಾಕಿದೀನಿ."

"ಯಾರು ಹೇಳಿದ್ದು ಇಪ್ಪತ್ತು?"

"ಡಬ್ಬಿ ಮೇಲೆ ಬರೆದಿರುತ್ತಲ್ಲ."

"ಅಯ್ಯೋ ಮಾರಾಯ್ತಿ, ನಿಮ್ಮಪ್ಪನ ಹೆಪ್ಪು ಯಾವ ಡಬ್ಬಿ ಓದಿದೆ? ಅದಕ್ಕೆ ಆಗಷ್ಟೇ ಕರೆದ ಹಾಲಿನ ಬಿಸಿ ಬೇಕು. ಚಳಿಗೆ ಮುದುಡಿ ಮಲಗಿದೆ, ಸತ್ತಿಲ್ಲ." ಸತ್ತಿಲ್ಲವೆಂದು ನನಗೇನೂ ಖಾತ್ರಿ ಇರಲಿಲ್ಲ.

ಮೇಲಿನ ತಿಳಿಯನ್ನು ತೋಡಿ ಕಾಯಿಸಿ ಮತ್ತೆ ಹೊಯ್ದೆವು. ಬಾನಿಗೆ ಹಾಲ್‌ಸ್ಟೈನನ ಕುರಿತೊಗಲಿನ ಅಂಗಿ ಸುತ್ತಿದಳು.

"ಈಗ ಕೂಗು."

"ನಿನ್ನೆ ಒಬ್ಬಳೇ ನಿಂತು ಕೂಗೋಕೆ ನಾಚಿಕೆ ಆಯ್ತು ಕಣೋ."

"ಇವತ್ತು ನಾನಿದೀನಲ್ಲ."

ಕಣ್ಣು ಮುಚ್ಚಿ ಕೂಗಿದಳು. ಕಿಟಕಿಯ ಗಾಜು ಅದುರಿತು. ಥೇಟ್ ಹಾಲ್‌ಸ್ಟೈನನ ಕೂಗು. ನನಗೆ ಅಲ್ಲಿ ಸುಮ್ಮನೆ ಕೂರಲಾಗಲಿಲ್ಲ.

"ಸಿನ್ನೆವಾ, ಇದು ಏಳದಿದ್ರೆ ಮುಗೀತು. ನನ್ನ ಹತ್ರ ಹೆಪ್ಪಿಲ್ಲ. ಆರು ವರ್ಷ ಆಯ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾನಿಗೆ ಸುತ್ತಿದ ಅಂಗಿಯನ್ನು ಇನ್ನಷ್ಟು ಬಿಗಿ ಮಾಡಿದಳು.

"ಅಪ್ಪ ಈಚಿನ ವರ್ಷಗಳಲ್ಲಿ ಪ್ರತಿ ಸಲ ಒಂದು ಮುಷ್ಟಿ ಬೇರೆ ಜಾಡೀಲಿ ಎತ್ತಿಡ್ತಿದ್ರು. ಯಾರಿಗೆ ಅಂತ ಕೇಳಿದ್ರೆ, 'ಒಬ್ಬ ಕೇಳೋಕೆ ಬರಬೇಕು' ಅಂತಿದ್ರು. ಹೆಸರು ಹೇಳ್ತಿರ್ಲಿಲ್ಲ. ಮನೆ ಪಾಲಿನ ಹೆಪ್ಪು ಅವರು ಕಾಯಿಲೆ ಬಿದ್ದ ವರ್ಷವೇ ಮುಗಿದಿತ್ತು. ನಾನು ನಿನ್ನೆ ಹಾಕಿದ್ದು ಆ ಎತ್ತಿಟ್ಟ ಜಾಡಿದು."

ನನ್ನ ಹೆಪ್ಪು ಹೋದದ್ದು ಹಾಲ್‌ಸ್ಟೈನನಿಗೆ ಗೊತ್ತಿತ್ತು. ನನ್ನ ಬಿಯರನ್ನು ಒಂದು ಗುಟುಕು ಕುಡಿದ ದಿನವೇ ಗೊತ್ತಾಗಿರಬೇಕು. ನಾನು ಕೇಳಲಿ ಎಂದು ಸಾಯುವವರೆಗೂ ನನ್ನ ಪಕ್ಕದಲ್ಲೇ ನಿಂತು ಕಾದಿದ್ದ. ನಾನು ಮುಖ ಮುಚ್ಚಿಕೊಂಡು ಅತ್ತೆ.

ಮಧ್ಯಾಹ್ನದ ಹೊತ್ತಿಗೆ ಬಾನಿಯೊಳಗೆ ಸಣ್ಣಗೆ ಸದ್ದು ಶುರುವಾಯಿತು. ಸಿನ್ನೆವಾ ಅಂಗಿಯ ಅಂಚು ಎತ್ತಿ ನೋಡಿದಳು. ನೊರೆ ಬಾನಿಯ ಕಂಠದವರೆಗೆ ಬಂದಿತ್ತು. ಅವಳು ನಗುತ್ತಲೇ ಕಣ್ಣೊರೆಸಿಕೊಂಡಳು.

ಮಂಗಳವಾರ ಬಸ್ಸು ನಿಲ್ಲಿಸಿ ಬಂದವಳೇ ಹೊಸ ಹೆಪ್ಪು ತೆಗೆದು ಎರಡು ಜಾಡಿಗೆ ತುಂಬಿದಳು. ಒಂದನ್ನು ಹಿಡಿದು ಬೇಲಿಯ ಹತ್ತಿರ ಬಂದಳು. ನಾನು ಕೈ ಚಾಚಿದೆ. ಅವಳು ಜಾಡಿಯನ್ನು ಹಿಂದಕ್ಕೆ ಎಳೆದುಕೊಂಡಳು.

"ಹಾಗಲ್ಲ. ಬಾಯಿಬಿಟ್ಟು ಕೇಳು."

ಬೇಲಿಯ ಗೂಟ ಹಿಡಿದುಕೊಂಡು ನಿಂತೆ.

"ನನ್ನ ಹೆಪ್ಪು ಸತ್ತುಹೋಗಿದೆ," ಎಂದೆ. "ಒಂದಿಷ್ಟು ಕೊಡ್ತೀಯಾ?"