ಎಡಗಡೆ ಮೂಲೆಯ ಬೂಷ್ಟು

ನನ್ನ ಹತ್ತಿರ ಈಗ ಮೂರು ಫಿಲ್ಮ್ ಕ್ಯಾಮೆರಾಗಳಿವೆ. ಮೂರೂ ಗಟ್ಟಿಮುಟ್ಟಾಗಿವೆ. ಗುಂಡಿ ಒತ್ತಿದರೆ ಶಟರ್ ಟಕ್ಕಂತ ಬೀಳುತ್ತದೆ, ಒಳಗಿನ ಕನ್ನಡಿ ಎದ್ದು ಇಳಿಯುತ್ತದೆ, ಲೆನ್ಸನ್ನು ಬೆಳಕಿಗೆ ಹಿಡಿದರೆ ಒಂದು ಚುಕ್ಕೆ ಧೂಳೂ ಇಲ್ಲ. ಕೆಟ್ಟು ಕೂತಿರುವುದು ನನ್ನ ಬಲಗಣ್ಣು ಮಾತ್ರ. ಹುಡುಗನಾಗಿದ್ದಾಗಿನಿಂದ ವ್ಯೂಫೈಂಡರಿಗೆ ಒತ್ತಿಕೊಂಡೇ ಬದುಕಿದ ಕಣ್ಣು ಅದು. ಅದು ಕೆಡುತ್ತಿದೆ ಅಂತ ಎಲ್ಲರಿಗಿಂತ ಮೊದಲು ನನಗೆ ಹೇಳಿದ್ದು ಕ್ಯಾಮೆರಾನೇ. ನಾನೇನು ಮಾಡಿದೆ? ಕ್ಯಾಮೆರಾವನ್ನು ರಿಪೇರಿಗೆ ಕೊಟ್ಟೆ.

ಹೊಸನಗರದಲ್ಲಿ ನನ್ನದೊಂದು ಸ್ಟುಡಿಯೋ ಇತ್ತು. ಪಾಸ್‌ಪೋರ್ಟ್ ಫೋಟೋ, ಮದುವೆ, ಗೃಹಪ್ರವೇಶ, ಎಲ್ಲ ಮಾಡಿದೆ. ಡಿಜಿಟಲ್ ಬಂತು, ಆಮೇಲೆ ಎಲ್ಲರ ಜೇಬಿಗೂ ಮೊಬೈಲ್ ಬಂತು, ಕೊನೆಗೆ ಮುಂದಿನ ಕೋಣೆಯನ್ನು ಮೊಬೈಲ್ ಅಂಗಡಿಯವನಿಗೇ ಬಾಡಿಗೆಗೆ ಕೊಟ್ಟೆ. ಹಿಂದಿನ ಕತ್ತಲೆ ಕೋಣೆಯನ್ನು ಮಾತ್ರ ಬಿಡಲಿಲ್ಲ. ಕಪ್ಪು-ಬಿಳುಪು ರೀಲನ್ನು ಈಗಲೂ ಅಲ್ಲೇ ತೊಳೆಯುತ್ತೇನೆ. ದಾರಿಯಲ್ಲಿ ಸಿಕ್ಕವರು, ‘ಇನ್ನೂ ರೀಲು ಹಾಕ್ತೀರಾ?’ ಅಂತ ನಗುತ್ತಾರೆ. ಹೂಂ ಮಾರಾಯ್ರೆ, ಹಾಕ್ತೇನೆ, ನಿಮಗೆಂತ ತೊಂದರೆ?

ನನ್ನ ಹೆಂಡತಿಯ ತವರು ಸಾಗರದ ಕಡೆ. ಮದುವೆಯಾದ ವರ್ಷದಿಂದ ಪ್ರತಿ ಮಳೆಗಾಲ ಒಂದು ದಿನ ವರದಮೂಲಕ್ಕೆ ಹೋಗಿ, ದೇವಸ್ಥಾನದ ಕೊಳದ ಮೆಟ್ಟಿಲ ಮೇಲೆ ಅವಳನ್ನು ನಿಲ್ಲಿಸಿ, ಒಂದೇ ಒಂದು ಫೋಟೋ ತೆಗೆಯುವುದು ನಮ್ಮ ರೂಢಿ. ಅದೇ ಕ್ಯಾಮೆರಾ ಬಾಡಿ, ಅದೇ ಐವತ್ತು ಎಂಎಂ ಲೆನ್ಸು. ಐವತ್ತರ ಲೆನ್ಸಿನಲ್ಲಿ ಮನುಷ್ಯರು ಮನುಷ್ಯರ ಹಾಗೇ ಕಾಣುತ್ತಾರೆ, ಮೂಗು ಉದ್ದವಾಗುವುದಿಲ್ಲ, ಮುಖ ಚಪ್ಪಟೆಯಾಗುವುದಿಲ್ಲ. ಅವಳು ಪ್ರತಿ ಸಲವೂ ಎಡಗಡೆಗೆ ಸರಿದು ನಿಲ್ಲುತ್ತಾಳೆ. ‘ನಡುವೆ ನಿಂತ್ರೆ ದೇವಸ್ಥಾನ ಮುಚ್ಚಿ ಹೋಗ್ತದೆ. ನನ್ನನ್ನ ಮನೇಲೂ ನೋಡ್ಬಹುದು’ ಅನ್ನುತ್ತಾಳೆ. ಹೊರಡುವಾಗ ಲೆನ್ಸಿನ ಮೇಲೆ ಹನಿ ಬಿದ್ದಿದ್ದರೆ ಸೆರಗಿನಿಂದ ಒರೆಸಲು ಬರುತ್ತಾಳೆ, ನಾನು ಬೈಯುತ್ತೇನೆ. ಲೆನ್ಸಿಗೆ ಸೆರಗು ತಾಗಿಸಬಾರದು, ಗೀರು ಬೀಳ್ತದೆ, ಎಷ್ಟು ಸಲ ಹೇಳೋದು? ಇದೂ ರೂಢಿಯೇ.

ಅಂಥ ಒಂದು ವರ್ಷ ವರದಮೂಲದಲ್ಲೇ ಅದು ಮೊದಲು ಕಂಡಿದ್ದು. ಕ್ಯಾಮೆರಾ ಎತ್ತಿ ಬಲಗಣ್ಣು ಇಟ್ಟೆ. ಚೌಕದ ಎಡಗಡೆ ಮೇಲಿನ ಮೂಲೆಯಲ್ಲಿ ಏನೋ ಮಬ್ಬು. ಕಪ್ಪಲ್ಲ, ಬಿಳಿಯೂ ಅಲ್ಲ. ಅಲ್ಲಿ ಇರಬೇಕಾದ ಮರದ ಕೊಂಬೆ ಸರಿಯಾಗಿ ಇರಲಿಲ್ಲ, ಅಷ್ಟೆ. ಕ್ಯಾಮೆರಾ ಇಳಿಸಿ ಎರಡೂ ಕಣ್ಣಲ್ಲಿ ನೋಡಿದೆ, ಕೊಂಬೆ ಇದೆ. ಮತ್ತೆ ಎತ್ತಿದೆ, ಇಲ್ಲ.

‘ಥೂ, ಬೂಷ್ಟು ಹಿಡೀತು,’ ಅಂದೆ.

ಬೇರೆ ಊರಿನವನಾಗಿದ್ದರೆ ಬೇರೆ ಏನಾದರೂ ಅಂದುಕೊಳ್ಳುತ್ತಿದ್ದನೋ ಏನೋ. ನಮ್ಮ ಕಡೆ ಬೂಷ್ಟು ಹಿಡಿಯದ ವಸ್ತು ಯಾವುದಿದೆ ಹೇಳಿ. ಚಪ್ಪಲಿಗೆ ಹಿಡಿಯುತ್ತದೆ, ಬೆಲ್ಟಿಗೆ ಹಿಡಿಯುತ್ತದೆ, ಮದುವೆ ಆಲ್ಬಮ್ಮಿಗೆ ಹಿಡಿಯುತ್ತದೆ, ಗೋಡೆಯ ಕ್ಯಾಲೆಂಡರಿನ ಹಿಂಬದಿಗೂ ಹಿಡಿಯುತ್ತದೆ. ಆಷಾಢದಲ್ಲಿ ಏನು ಕೆಟ್ಟರೂ ನಮ್ಮ ಬಾಯಿಗೆ ಮೊದಲು ಬರುವ ಮಾತು ಅದೇ. ಅದೂ ಅಲ್ಲದೆ ಲೆನ್ಸಿನ ಬೂಷ್ಟು ಯಾವಾಗಲೂ ಅಂಚಿನಿಂದಲೇ ಶುರುವಾಗಿ ಜೇಡರ ಬಲೆಯ ಹಾಗೆ ಒಳಗೆ ಬರುವುದು. ನನಗೆ ಕಂಡದ್ದೂ ಅಂಚಿನಲ್ಲೇ. ಸಂಶಯಕ್ಕೆ ಜಾಗವೇ ಇರಲಿಲ್ಲ.

ಮನೆಗೆ ಬಂದು ಲೆನ್ಸ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ಏನೂ ಇಲ್ಲ. ರೀಲು ತೊಳೆದೆ. ಫೋಟೋದಲ್ಲಿ ಎಡಗಡೆ ಕೊಂಬೆ ಎಲೆ ಎಲೆಯೂ ಎಣಿಸುವಷ್ಟು ಚೊಕ್ಕವಾಗಿ ಬಂದಿದೆ. ಹಾಗಾದರೆ ಲೆನ್ಸು ಸರಿ ಇದೆ, ಬೂಷ್ಟು ಇರುವುದು ಬಾಡಿಯೊಳಗೆ, ವ್ಯೂಫೈಂಡರಿನ ಗಾಜಿನಲ್ಲಿ ಅಂತ ಲೆಕ್ಕ ಹಾಕಿದೆ. ನೋಡುವುದು ಮಬ್ಬು, ರೀಲಿಗೆ ಬೀಳುವುದು ಸ್ಪಷ್ಟ ಅಂದರೆ ಇನ್ನೇನು ಇರಲಿಕ್ಕೆ ಸಾಧ್ಯ? ಎಂಥ ಅಚ್ಚುಕಟ್ಟಾದ ತರ್ಕ! ನೋಡುವ ದಾರಿಯಲ್ಲಿ ಗಾಜಿನ ಈಚೆ ಇನ್ನೊಂದು ವಸ್ತು ಇದೆ, ಅದು ನನ್ನ ಕಣ್ಣು ಅನ್ನುವುದು ಈ ಮಂಡೆಗೆ ಹೊಳೆಯಲೇ ಇಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಆರೈಕೆ. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ನಮ್ಮಲ್ಲಿ ಮಳೆಗಾಲಕ್ಕೆ ಕಂಬಳಿ, ಹಪ್ಪಳದ ಡಬ್ಬ ಎಲ್ಲ ಇಡುತ್ತಾರೆ, ಬೆಚ್ಚಗಿರಲಿ ಅಂತ. ಕ್ಯಾಮೆರಾವೂ ಅಟ್ಟ ಹತ್ತಿತು. ಹೊಗೆ ಹಿಡಿಯುತ್ತದೆ ಅಂತ ಅಲ್ಲಿಂದ ಇಳಿಸಿ ಮರದ ಪೆಟ್ಟಿಗೆಯಲ್ಲಿ ಝೀರೋ ಬಲ್ಬ್ ಹಾಕಿ ಇಟ್ಟೆ. ಗಾಳಿ ಬೀಸಿದರೆ ಕರೆಂಟ್ ಹೋಗುತ್ತಿತ್ತು. ಕೊನೆಗೆ ತೇವ ಹೀರುವ ನೀಲಿ ಹರಳು ತರಿಸಿದೆ. ತೇವ ಕುಡಿದು ಅದು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಕಾವಲಿಯಲ್ಲಿ ಹುರಿದರೆ ಮತ್ತೆ ನೀಲಿಯಾಗುತ್ತದೆ. ನಾನು ಸೌಟು ಹಿಡಿದು ಹುರಿಯುತ್ತಾ ನಿಂತಿದ್ದರೆ ಅವಳು, ‘ಸ್ವಲ್ಪ ಈರುಳ್ಳಿ ಹೆಚ್ಚಿ ಕೊಡ್ಲಾ? ಒಗ್ಗರಣೆ ಹಾಕ್ಬಹುದು’ ಅನ್ನುತ್ತಿದ್ದಳು. ಒಂದು ದಿನ ಅವಳ ಕೈಗೂ ಕ್ಯಾಮೆರಾ ಕೊಟ್ಟು, ‘ಎಡಗಡೆ ಮೂಲೆ ನೋಡು, ಮಬ್ಬು ಕಾಣ್ತದಾ?’ ಅಂತ ಕೇಳಿದೆ.

‘ಇಲ್ಲ. ಎಲ್ಲ ಕಾಣ್ತದೆ ನಂಗೆ.’

‘ನಿಂಗೆ ಕ್ಯಾಮೆರಾ ವಿಷಯ ಎಂತ ಗೊತ್ತು ಮಾರಾಯ್ತಿ?’ ಅಂದು ಕಿತ್ತುಕೊಂಡೆ.

ಸಾಗರದಲ್ಲಿ ಗಡಿಯಾರ ರಿಪೇರಿಯವರೊಬ್ಬರು ಕ್ಯಾಮೆರಾವನ್ನೂ ಬಿಚ್ಚುತ್ತಾರೆ. ನನಗಿಂತ ದೊಡ್ಡವರು. ಬಸ್ಸಿನಲ್ಲಿ ಹೋಗಿ ಕೊಟ್ಟೆ. ಅವರು ವ್ಯೂಫೈಂಡರಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿ, ‘ಏನೂ ಇಲ್ವಲ್ಲ ಸಾರ್’ ಅಂದರು. ನನಗೆ ಸಿಟ್ಟು ನೆತ್ತಿಗೇರಿತು. ‘ಎಡಗಡೆ ಮೇಲೆ ನೋಡ್ರೀ, ಅಷ್ಟು ದೊಡ್ಡದಾಗಿ ಇದೆ! ಮೊದಲು ನೀವೊಂದ್ಸಲ ಕಣ್ಣು ಟೆಸ್ಟ್ ಮಾಡಿಸ್ಕೊಳ್ಳಿ ಮಾರಾಯ್ರೆ’ ಅಂದುಬಿಟ್ಟೆ. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ನಕ್ಕರು. ಪಾಪ, ಅವರಿಗೆ ಮುಜುಗರವಾಗಿ, ‘ಇರ್ಬಹುದು, ಸಣ್ಣಕೆ ಇದೆ’ ಅಂದು ಬಿಚ್ಚಿ, ಒರೆಸಿ, ಜೋಡಿಸಿ ಕೊಟ್ಟರು. ಮಬ್ಬು ಹೋಗಲಿಲ್ಲ. ಇವರಿಗೆ ಕೆಲಸ ಬರುವುದಿಲ್ಲ ಅಂತ ತೀರ್ಮಾನ ಮಾಡಿದೆ.

ಬೇರೆ ಬಾಡಿಯೇ ತೆಗೆದುಕೊಳ್ಳುವುದು ಅಂತ ಹೊರಟೆ. ಹಳೇ ಬಾಡಿ ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ಮೂರು ತಾಲೂಕಿನಲ್ಲಿ ಇಲ್ಲ ಅನ್ನುವ ಜಂಬ ನನಗೆ. ಹಿಂಬಾಗಿಲು ತೆಗೆದು ಬೆಳಕು ತಡೆಯುವ ಸ್ಪಂಜು ಅಂಟಂಟಾಗಿದೆಯಾ ನೋಡುತ್ತೇನೆ. ಬ್ಯಾಟರಿ ಗೂಡಿನಲ್ಲಿ ಹಸಿರು ಕಿಲುಬು ಇದೆಯಾ ನೋಡುತ್ತೇನೆ. ಶಟರನ್ನು ಕಿವಿಯ ಹತ್ತಿರ ಹಿಡಿದು ಒಂದೊಂದೇ ಸ್ಪೀಡು ಕೇಳುತ್ತೇನೆ, ನಿಧಾನದ ಸ್ಪೀಡಿನಲ್ಲಿ ಎಳೆದರೆ ಒಳಗಿನ ಎಣ್ಣೆ ಗಟ್ಟಿಯಾಗಿದೆ ಅಂತ ಅರ್ಥ. ತೀರ್ಥಹಳ್ಳಿಯಲ್ಲಿ ಮುಚ್ಚಿಹೋದ ಒಂದು ಸ್ಟುಡಿಯೋದವರ ಮನೆಯಲ್ಲಿ ಇದೆಲ್ಲ ಪರೀಕ್ಷೆ ಪಾಸಾದ ಬಾಡಿ ಸಿಕ್ಕಿತು. ಕಡೆಗೆ ಕಣ್ಣಿಟ್ಟೆ. ಎಡಗಡೆ ಮೂಲೆ ಮಬ್ಬು. ಹೌದಪ್ಪ, ಇದೂ ನಮ್ಮ ಮಳೆಯಲ್ಲೇ ಬೆಳೆದದ್ದಲ್ವಾ, ಇದಕ್ಕೂ ಹಿಡಿದಿದೆ ಅಂದುಕೊಂಡೆ. ಆದರೂ ತಂದೆ. ಒಂದರ ಬೂಷ್ಟು ಇನ್ನೊಂದಕ್ಕೆ ಅಂಟಬಾರದು ಅಂತ ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟೆ, ಸಿಡುಬು ಬಂದವರನ್ನು ಇಡುವ ಹಾಗೆ.

ಮೂರನೆಯದನ್ನು ಬೇಕಂತಲೇ ಬಯಲುಸೀಮೆಯಿಂದ ತರಿಸಿದೆ, ಮಳೆ ಕಾಣದ ಊರಿನದು. ಅದು ಬಂದದ್ದು ಸುಡು ಬೇಸಿಗೆಯಲ್ಲಿ. ಅಂಗಳಕ್ಕೆ ಓಡಿ ಬರಿಯ ಆಕಾಶಕ್ಕೆ ಹಿಡಿದು ನೋಡಿದೆ. ಬೆಳ್ಳಗಿನ ಆಕಾಶದಲ್ಲಿ ಮಬ್ಬೆಲ್ಲಿ, ಚೊಕ್ಕ ಎಲ್ಲಿ? ಏನೂ ತಿಳಿಯಲಿಲ್ಲ. ತಿಳಿಯದ್ದನ್ನೇ ಸರಿ ಇದೆ ಅಂದುಕೊಂಡು ಖುಷಿಪಟ್ಟೆ. ಮಳೆ ಹಿಡಿದ ಮೇಲೆ ಹುಲಿಕಲ್ ಘಾಟಿ ತನಕ ಹೋಗಿ ರಸ್ತೆಯ ತಿರುವಿನಲ್ಲಿ ನಿಂತು ನೋಡಿದರೆ ಎಡಗಡೆ ಅರ್ಧ ಕಾಡೇ ಇಲ್ಲ. ಮಂಜು ಇರಬೇಕು ಅಂದುಕೊಂಡೆ. ಕ್ಯಾಮೆರಾ ಇಳಿಸಿದರೆ ಮಂಜೇ ಇರಲಿಲ್ಲ.

ಮೇಳಿಗೆಯ ಹತ್ತಿರದ ಒಂದು ಮನೆಯವರು, ತಮ್ಮ ಹಿರಿಯರ ಗುಂಪು ಫೋಟೋದ ಹಾಗೇ ರೀಲಿನಲ್ಲೇ ಒಂದು ಬೇಕು ಅಂತ ಕರೆಸಿದರು. ಬೆಂಚು ಹಾಕಿ ಎಲ್ಲರನ್ನೂ ನಿಲ್ಲಿಸಿ ತೆಗೆದೆ. ತೊಳೆದು ನೋಡಿದರೆ ಎಡಗಡೆ ಕೊನೆಯಲ್ಲಿ ನಿಂತಿದ್ದ ಹಿರಿಯಮ್ಮನ ಅರ್ಧ ಮುಖ ಚೌಕದ ಹೊರಗೇ ಉಳಿದಿದೆ. ಈ ಬಾಡಿಗಳಲ್ಲಿ ಕಣ್ಣಿಗೆ ಕಂಡಿದ್ದಕ್ಕಿಂತ ಒಂದಿಷ್ಟು ಜಾಸ್ತಿಯೇ ರೀಲಿಗೆ ಬೀಳುತ್ತದೆ, ಕಡಿಮೆ ಬೀಳುವುದಿಲ್ಲ. ಅಂದಮೇಲೆ ನಾನು ಅವರನ್ನು ನೋಡಿಯೇ ಇರಲಿಲ್ಲ. ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಕ್ಯಾಮೆರಾದ ಕನ್ನಡಿ ಸರಿದಿದೆ ಅಂತ ಬೈದುಕೊಂಡೆ. ಫೋಟೋ ಕೊಡಲು ಹೋದಾಗ ಆ ಹಿರಿಯಮ್ಮ, ‘ನಾನು ಇಷ್ಟೇ ಸಾಕು ಬಿಡಿ’ ಅಂದರು.

ಕಳೆದ ವರ್ಷ ಬಲಗಣ್ಣಿನ ರೆಪ್ಪೆಗೆ ಕುರು ಎದ್ದಿತು. ಮುಟ್ಟಿದರೆ ನೋವು. ರೀಲಿನಲ್ಲಿ ಕೊನೆಯ ಫೋಟೋ ಉಳಿದಿತ್ತು, ಮುಗಿಸಿಬಿಡುವ ಅಂತ ಅಂಗಳದಲ್ಲಿ ನಿಂತು ಎಡಗಣ್ಣಿಟ್ಟೆ. ನಾಲ್ಕೂ ಮೂಲೆ ಕನ್ನಡಿಯ ಹಾಗೆ ಸ್ವಚ್ಛ! ಬೇಲಿಯ ದಣಪೆ ಕಾಣುತ್ತದೆ, ಬಟ್ಟೆ ಒಣಗುವ ತಂತಿ ಕಾಣುತ್ತದೆ, ತಂತಿಯ ಮೇಲಿನ ಕ್ಲಿಪ್ಪು ಕಾಣುತ್ತದೆ. ‘ಏ ಬಾರೇ ಇಲ್ಲಿ! ಬೂಷ್ಟು ಹೋಯ್ತು! ಹರಳು ಹುರಿದದ್ದು ದಂಡ ಆಗ್ಲಿಲ್ಲ ನೋಡು!’ ಅಂತ ಕೂಗಿದೆ. ಅವಳು ಕೈ ಒರೆಸಿಕೊಳ್ಳುತ್ತಾ ಓಡಿ ಬಂದಳು. ಒಳಗಿನ ಉಳಿದೆರಡನ್ನೂ ತಂದು ನೋಡಿದೆ, ಅವೂ ಸ್ವಚ್ಛ. ಒಂದೇ ದಿನ ಮೂರಕ್ಕೂ ವಾಸಿಯಾಯಿತಾ?

ಆ ಪ್ರಶ್ನೆ ಬಂದ ಮೇಲೆ ಅಂಗಳದಲ್ಲಿ ನಿಂತೇ, ನೋವಾದರೂ ಆಗಲಿ ಅಂತ ಕ್ಯಾಮೆರಾವನ್ನು ಬಲಗಣ್ಣಿಗೆ ಬದಲಿಸಿದೆ. ದಣಪೆ ಹೋಯಿತು, ತಂತಿ ಹೋಯಿತು. ಎಡಗಡೆ ನಿಂತಿದ್ದ ಅವಳ ಮುಖವೂ ಹೋಯಿತು. ‘ಎಂತ ಆಯ್ತು? ಯಾಕೆ ಹಾಗೆ ನಿಂತ್ರಿ?’ ಅಂತ ಅವಳ ದನಿ ಮಾತ್ರ ಕೇಳುತ್ತಿತ್ತು.

ಶಿವಮೊಗ್ಗದ ಕಣ್ಣಿನ ಡಾಕ್ಟರು ನನ್ನ ಗದ್ದವನ್ನು ಒಂದು ಬಿಳಿ ಬೋಗುಣಿಯಂಥ ಯಂತ್ರಕ್ಕೆ ಇಡಿಸಿದರು. ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಒತ್ತುವುದು ನನ್ನ ಕಸುಬೇ ಅಲ್ಲವೇ, ಕಾದು ಕೂತೆ. ಬಲಗಣ್ಣಿನ ಸರದಿಯಲ್ಲಿ ಒತ್ತಲು ಏನೂ ಬರಲೇ ಇಲ್ಲ ಅನ್ನಿಸುವಷ್ಟು ಹೊತ್ತು ಸುಮ್ಮನೆ ಕೂತಿದ್ದೆ. ಆಮೇಲೆ ಅವರು ಹೇಳಿದರು: ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆ. ಇದು ನೋವು ಕೊಡುವುದಿಲ್ಲ. ಒಂದು ಕಣ್ಣಿಗೆ ಕಾಣದ್ದನ್ನು ಇನ್ನೊಂದು ತುಂಬಿಸಿಕೊಡುವುದರಿಂದ ಸುಮಾರು ಜನರಿಗೆ ಗೊತ್ತೇ ಆಗುವುದಿಲ್ಲ. ಹೋದದ್ದು ಬರುವುದಿಲ್ಲ. ಬೇಗ ಬಂದಿದ್ದರೆ ಅಲ್ಲಿಗೇ ನಿಲ್ಲಿಸಬಹುದಿತ್ತು.

‘ನಿಮಗೆ ಮೊದಲು ಏನೂ ಗೊತ್ತಾಗ್ಲಿಲ್ವಾ?’ ಅಂತ ಕೇಳಿದರು.

ಹೆಂಡತಿ ಹೇಳಿದಳು, ‘ಗೊತ್ತಾಗಿತ್ತು ಮೇಡಂ. ಕ್ಯಾಮೆರಾ ರಿಪೇರಿ ಮಾಡ್ಸಿದ್ರು.’

ಡಾಕ್ಟರು ನಗಲು ಹೋದವರು ನಮ್ಮ ಮುಖ ನೋಡಿ ಚೀಟಿ ಬರೆಯತೊಡಗಿದರು. ‘ಎಡಗಣ್ಣಲ್ಲೂ ಒತ್ತಡ ಇದೆ. ಡ್ರಾಪ್ಸ್ ಒಂದು ದಿನವೂ ತಪ್ಪಿಸ್ಬೇಡಿ. ಅದನ್ನಾದ್ರೂ ಉಳಿಸ್ಕೊಳ್ಳೋಣ’ ಅಂದರು.

ತಪ್ಪಿಸಿಲ್ಲ. ಅವಳು ತಪ್ಪಿಸಲು ಬಿಟ್ಟಿಲ್ಲ. ಎಡಗಣ್ಣಿನಲ್ಲಿ ಫೋಟೋ ತೆಗೆಯುವುದನ್ನು ಈ ವಯಸ್ಸಿನಲ್ಲಿ ಕಲಿತೆ. ರೀಲು ಎಳೆಯುವ ಕಡ್ಡಿ ಬಲಗಣ್ಣಿಗೆ ತಿವಿಯುತ್ತದೆ. ತಿವಿಯಲಿ, ಇನ್ನು ಅದಕ್ಕೆ ಏನಾಗಬೇಕಾಗಿದೆ? ಮೂಗು ಕ್ಯಾಮೆರಾದ ಬೆನ್ನಿಗೆ ಒತ್ತುತ್ತದೆ, ಉಸಿರಿಗೆ ಗಾಜು ಮಸುಕಾಗುತ್ತದೆ. ಆದರೂ ಕಾಣುತ್ತದಲ್ಲ, ಸಾಕು ಅಂದುಕೊಂಡಿದ್ದೆ.

ಈ ಮಳೆಗಾಲ ವರದಮೂಲಕ್ಕೆ ಹೋದೆವು. ಮಳೆ ಬಿಟ್ಟು ಸ್ವಲ್ಪ ಹೊತ್ತಾಗಿತ್ತು. ಅವಳು ಎಂದಿನಂತೆ ಎಡಗಡೆಗೆ ಸರಿದು ನಿಂತಳು. ಎಡಗಣ್ಣಿಟ್ಟೆ. ಅವಳು ಕಂಡಳು, ಕೊಂಬೆ ಕಂಡಿತು. ದೇವಸ್ಥಾನದ ಮಾಡು ಕಾಣಬೇಕಾದ ಬಲಗಡೆ ಮೇಲಿನ ಮೂಲೆಯಲ್ಲಿ ಅರ್ಧ ಸೂರೇ ಇರಲಿಲ್ಲ. ಕ್ಯಾಮೆರಾ ಇಳಿಸಿದೆ. ಮತ್ತೆ ಎತ್ತಿದೆ. ಇಲ್ಲ.

‘ಎಂತ ಆಯ್ತು ರೀ?’

‘ಏನಿಲ್ಲ. ಬೂಷ್ಟು,’ ಅಂದೆ.

ಆ ಶಬ್ದ ಕೇಳಿದರೆ ನಗುತ್ತಿದ್ದವಳು ಅವತ್ತು ನಗಲಿಲ್ಲ. ಮೆಟ್ಟಿಲು ಇಳಿದು ಹತ್ತಿರ ಬಂದು, ‘ಹೌದು, ಮಳೆಗಾಲ ಅಲ್ವಾ, ಬೂಷ್ಟೇ ಇರ್ಬೇಕು’ ಅಂದಳು. ಸೆರಗಿನ ಚುಂಗನ್ನು ನನ್ನ ಕೈಗೆ ಕೊಟ್ಟಳು. ನಾನು ಬೈಯಲಿಲ್ಲ. ಇಸಿದುಕೊಂಡು ಲೆನ್ಸ್ ಒರೆಸಿದೆ, ವ್ಯೂಫೈಂಡರ್ ಒರೆಸಿದೆ, ಮತ್ತೊಂದು ಸಲ ಒರೆಸಿದೆ. ಅವಳು ವಾಪಸ್ ಹೋಗಿ ತನ್ನ ಜಾಗದಲ್ಲಿ ನಿಂತಳು.

‘ಹೋಯ್ತಾ?’ ಅಂತ ಕೇಳಿದಳು.

‘ಹೋಯ್ತು,’ ಅಂದು ಒತ್ತಿದೆ.