ಇಂಜಿನ್ನಿಗೆ ಹೇಳಿದ ಸುಳ್ಳು

ನಾನು ಇದುವರೆಗೆ ಹೇಳಿದ ಸುಳ್ಳುಗಳಲ್ಲಿ ಅತಿ ಹೆಚ್ಚು ಬೆವರು ಸುರಿಸಿ ಹೇಳಿದ್ದು ನಮ್ಮ ಹಳೇ ಕಾರಿನ ಇಂಜಿನ್ನಿಗೆ.

ಕಾರು ಅಪ್ಪಾಜಿಯದು. ಪಕ್ಕದ ನೋಟ ಹೋಗಿದೆ, ಇನ್ನು ಗಾಡಿ ಓಡಿಸಕೂಡದು ಎಂದು ಕಣ್ಣಿನ ಡಾಕ್ಟರು ಹೇಳಿದ ಮೇಲೆ ಅದು ಚಾಮರಾಜಪೇಟೆಯ ನಮ್ಮ ಮನೆಯ ಪೋರ್ಟಿಕೋದಲ್ಲಿ ನಿಂತುಬಿಟ್ಟಿತು. ಭಾನುವಾರ ಮಾತ್ರ ನಾನು ಎಲ್ಲರನ್ನೂ ಕೂರಿಸಿಕೊಂಡು ಒಂದು ಸುತ್ತು ಹೋಗಿಬರುತ್ತಿದ್ದೆ. ಅಷ್ಟಕ್ಕೇ ಅದು ಕುಡಿಯುತ್ತಿದ್ದ ಪೆಟ್ರೋಲು ನೋಡಿ ನನ್ನ ಹೆಂಡತಿಗೆ ರೇಗಿಹೋಗಿತ್ತು. ಲೀಟರಿಗೆ ಬರೀ ಒಂಬತ್ತು ಕಿಲೋಮೀಟರು.

"ಯುಗಾದಿ ಒಳಗೆ ಹದಿನಾಲ್ಕು ಬಂದ್ರೆ ಇರ್ಲಿ. ಇಲ್ದಿದ್ರೆ ಮಾರ್ಬಿಡೋಣ" ಎಂದಳು.

ಅಪ್ಪಾಜಿ ಪೇಪರಿನಿಂದ ತಲೆ ಎತ್ತಲಿಲ್ಲ. ಆದರೆ ಅರ್ಧ ಗಂಟೆ ಪುಟವನ್ನೂ ತಿರುಗಿಸಲಿಲ್ಲ.

ನನಗೆ ಹಟ ಬಂತು. ಇಂಟರ್ನೆಟ್ಟಿನಲ್ಲಿ ಯಾರೋ ಮಹಾನುಭಾವ ಉಪಾಯ ಹೇಳಿಕೊಟ್ಟ. ಇಂಜಿನ್ನಿನೊಳಗೆ ಹೋಗುವ ಗಾಳಿ ಎಷ್ಟು ಬಿಸಿಯಿದೆ ಎಂದು ನೋಡಲು ಒಂದು ಸೆನ್ಸರ್ ಇರುತ್ತದೆ. ಗಾಳಿ ಬಿಸಿಯಿದ್ದಷ್ಟೂ ಇಂಜಿನ್ ಕಡಿಮೆ ಪೆಟ್ರೋಲು ಕೇಳುತ್ತದೆ. ಆ ಸೆನ್ಸರಿನ ವೈರಿಗೆ ಅಕ್ಕಿಕಾಳಿನಷ್ಟು ರೆಸಿಸ್ಟರ್ ಬೆಸೆದುಬಿಟ್ಟರೆ ತಣ್ಣನೆಯ ಗಾಳಿಯನ್ನೂ ಅದು ಬಿಸಿಯೆಂದೇ ನಂಬುತ್ತದಂತೆ. ಎಸ್.ಪಿ. ರೋಡಿನಿಂದ ಒಂದು ಹಿಡಿ ರೆಸಿಸ್ಟರ್ ತಂದು ಬಾನೆಟ್ ಎತ್ತಿದೆ. ಅಪ್ಪಾಜಿ ಟಾರ್ಚು ಹಿಡಿದು ನಿಂತರು.

"ಏನಪ್ಪ ಮಾಡ್ತಿದೀಯ?"

"ಈ ಚಳೀನ ಬೇಸಿಗೆ ಅಂತ ನಂಬಿಸ್ತಿದೀನಿ."

"ಪಾಪ, ನಂಬತ್ತಾ?"

ನಂಬಿತು. ನಂಬಿ ಕೆಮ್ಮತೊಡಗಿತು. ಮೀಟರಿನ ಪಕ್ಕ ಹಳದಿ ದೀಪ ಹತ್ತಿತು. ಆ ಭಾನುವಾರ ಮಕ್ಕಳಕೂಟದ ಸರ್ಕಲ್ಲಿನಲ್ಲಿ ನಿಂತೇ ಹೋಯಿತು. ಹಿಂದಿದ್ದ ಆಟೋದವನು ಇಳಿದು ಬಂದು "ತಳ್ಬೇಕಾ ಗುರು?" ಎಂದು ಕೇಳಿ ಮಾನ ಕಳೆದ. ಮೂರು ಸಲ ರೆಸಿಸ್ಟರ್ ಬದಲಾಯಿಸಿದೆ. ಮೂರು ಸಲವೂ ಅಪ್ಪಾಜಿಯೇ ಟಾರ್ಚು ಹಿಡಿದರು. ಮೈಲೇಜು ಎಂಟೂವರೆಗೆ ಇಳಿಯಿತು.

ದಿನಾ ಬೆಳಿಗ್ಗೆ ನಾನು ಲಾಲ್‌ಬಾಗಿನಲ್ಲಿ ವಾಕಿಂಗಿಗೆ ಹೋಗುತ್ತೇನೆ. ಒಂದು ದಿನ ದಾರಿಯಲ್ಲೇ ಚಪ್ಪಲಿ ಕಿತ್ತುಹೋಗಿ ವಾಪಸು ಬಂದೆ. ಗೇಟಿನ ಹತ್ತಿರ ಬರುವಾಗಲೇ ಇಂಜಿನ್ನಿನ ಸದ್ದು ಕೇಳಿಸಿತು. ಕಾರು ನಿಂತಲ್ಲೇ ನಿಂತಿತ್ತು. ಡ್ರೈವರ್ ಸೀಟಿನಲ್ಲಿ ಅಪ್ಪಾಜಿ, ಪೂಜೆ ಮುಗಿಸಿದ ಹಣೆಯಲ್ಲಿ ವಿಭೂತಿ, ಎರಡೂ ಕೈ ಸ್ಟಿಯರಿಂಗಿನ ಮೇಲೆ. ಗಾಡಿ ಬಿಸಿ ಮಾಡುತ್ತಿದ್ದರು. ಅವರ ಕಾಲದ ಕಾರುಗಳಿಗೆ ಅದು ಬೇಕಾಗುತ್ತಿತ್ತು. ಅವರು ಬಿಟ್ಟಿರಲೇ ಇಲ್ಲ. ದಿನಾ ಇಪ್ಪತ್ತು ನಿಮಿಷ. ಸ್ಟಿಯರಿಂಗಿನ ಮೇಲಿನ ಬಿಳಿ ಕಲೆಯನ್ನು ಆಯುಧಪೂಜೆಯ ಶೇಷವೆಂದುಕೊಂಡು ನಾನು ಪ್ರತಿ ಭಾನುವಾರ ಒರೆಸುತ್ತಿದ್ದೆ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅದೂ ಟಾರ್ಚು ಹಿಡಿದುಕೊಂಡು. ನನಗೆ ಸಿಟ್ಟು ನೆತ್ತಿಗೇರಿತು.

"ಅಪ್ಪಾಜಿ, ಈಗಿನ ಗಾಡಿಗೆ ಇದೆಲ್ಲ ಬೇಡ. ಬೇಕಿದ್ರೆ ಸುಮ್ನೆ ಕೂತ್ಕೊಳ್ಳಿ."

"ಸುಮ್ನೆ ಕೂತ್ರೆ ಅದು ಸೋಫಾ ಆಗತ್ತೆ."

"ಹೀಗಾದ್ರೆ ಅವಳು ಮಾರಿಸ್ಬಿಡ್ತಾಳೆ."

"ಗೊತ್ತು" ಎಂದು ಆಕ್ಸಿಲರೇಟರನ್ನು ಮೆತ್ತಗೆ ಒತ್ತಿದರು. "ಅದಕ್ಕೇ ನಿನ್ನ ಬೇಸಿಗೇನ ನಂಬ್ಕೊಂಡಿದ್ದೆ."

ಅವತ್ತೇ ರೆಸಿಸ್ಟರ್ ಕಿತ್ತೆಸೆದೆ.

ಯುಗಾದಿಯ ಬೆಳಿಗ್ಗೆ ಅಡುಗೆಮನೆಯಲ್ಲಿ ಬೇವು ಬೆಲ್ಲ ಕೈಗಿಡುತ್ತಾ ಹೆಂಡತಿ ಕೇಳಿದಳು: "ಎಷ್ಟು ಬಂತು?"

"ಹದಿನಾಲ್ಕು ಚಿಲ್ರೆ" ಎಂದೆ.

ನನ್ನ ಮುಖವನ್ನೇ ನೋಡಿದಳು. ಇವಳ ಯಾವ ವೈರಿಗೆ ರೆಸಿಸ್ಟರ್ ಬೆಸೆಯಬೇಕೋ ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

"ಸರಿ, ಇರ್ಲಿ ಬಿಡಿ" ಎಂದಳು. ಆಮೇಲೆ ಪೋರ್ಟಿಕೋ ಕಡೆಯ ಕಿಟಕಿ ತೆಗೆದು ಕೂಗಿದಳು:

"ಮಾವ, ಗಾಡಿ ಬಿಸಿ ಆಯ್ತಾ? ಕಾಫಿ ಆರೋಗ್ತಿದೆ."